ಲೇಯರ್ ಶೆಡ್‌ಗೆ ಹಕ್ಕಿಜ್ವರದ ನಿಗಾ ಇಡೋದು ಹ್ಯಾಂಗ್ರಿ? ಸ್ವಾಬ್ ಎಷ್ಟು, ಯಾವಾಗ, ಯಾವ ಕೋಳಿದು?

ಹಿನ್ನೀರು_ಲೇಯರ್ಸ್ (ಬೀಳಗಿ):

ಎಲ್ಲಾರಿಗೂ ನಮಸ್ಕಾರ್ರಿ.

ಆಲಮಟ್ಟಿ ಹಿನ್ನೀರಿನ ದಂಡಿ ಹತ್ರಾನ ನಮ್ಮ ಫಾರ್ಮ್ ಐತಿ. ಎರಡು ಶೆಡ್, ಒಂದೊಂದರಾಗ 6,000 ಲೇಯರ್ (ಮೊಟ್ಟಿ ಕೋಳಿ), ಎಲ್ಲಾ ಪಂಜರದಾಗ. ವಯಸ್ಸು 46 ವಾರ, ಮೊಟ್ಟಿ ಶೇ 90ರ ಆಸುಪಾಸು. ಚಳಿಗಾಲ ಬಂತಂದ್ರ ಹೆಬ್ಬಾತು, ಫ್ಲೆಮಿಂಗೊ ಹಿಂಡಾಗಿ ಬಂದು ನೀರು ಇಳಿದ ಹೊಲದಾಗ ಕೂಡ್ತಾವ. ಶೆಡ್‌ನ ಸುತ್ತ ಕಾಗಿ, ಬೆಳ್ಳಕ್ಕಿ ಇದ್ದೇ ಇರ್ತಾವ.

ಹೋದ ಚಳಿಗಾಲದಾಗ ಇಲಾಖೆಯವರು ಬಂದು 30 ಕೋಳಿ ಸ್ವಾಬ್ ತಗೊಂಡ್ರು, ಏನೂ ಇಲ್ಲ ಅಂತ ರಿಪೋರ್ಟ್ ಬಂತು. ಅಲ್ಲಿಗೆ ನಮ್ಮ ಶೆಡ್ ಸ್ವಚ್ಛ ಅಂತ ತಿಳೀಬೇಕೇನ್ರಿ? ಈ ಸಲ ನವೆಂಬರ್‌ನಿಂದ ಮಾರ್ಚ್ ತನಕ ನಾವ ಒಂದು ನಿಗಾ ವ್ಯವಸ್ಥಾ ಇಟ್ಕೋಬೇಕಂತ ಮಾಡೀವಿ. ಯಾವ ಕೋಳಿದು ತಗೀಬೇಕು, ಎಷ್ಟು ತಗೀಬೇಕು, ತಿಂಗಳಿಗೊಮ್ಮೆ ತಗದ್ರ ಸಾಕೋ ಹ್ಯಾಂಗ? ಖಾಸಗಿ ಲ್ಯಾಬ್‌ನಾಗ ಸೀರಮ್ ಕೊಟ್ಟಾಗ ಎಚ್9ಗೆ ಆಂಟಿಬಾಡಿ ಐತಿ ಅಂತ ಬಂದೈತಿ, ಅದಕ್ಕೇನು ಅರ್ಥ?

ಇನ್ನೊಂದ್ರಿ. ಕೆಲಸಕ್ಕ ಆರು ಮಂದಿ ಅದಾರ. ಒಬ್ಬರ ಮನ್ಯಾಗ ಜವಾರಿ ಕೋಳಿ, ಹಂದಿ. ಒಬ್ಬರ ಮನ್ಯಾಗ ಕುರಿ. ನಮ್ಮಂಗಳದಾಗ ಎರಡು ಎಮ್ಮಿ. ಕೋಳಿ ಒಂದನ್ನ ನೋಡಿದ್ರ ಸಾಕಾ, ಇವನ್ನೂ ನೋಡಬೇಕಾ? ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಪಶುವೈದ್ಯ_ಬೆಳಗಾವಿ:

ಮೊದಲು ಆ 30ರ ಲೆಕ್ಕ ನೋಡಿರಿ. ಶೆಡ್‌ನಲ್ಲಿ ಶೇ 10ರಷ್ಟು ಕೋಳಿಗೆ ಸೋಂಕು ಇದ್ದರೆ, ಕಣ್ಣು ಮುಚ್ಚಿ ಆರಿಸಿದ 30 ಕೋಳಿಗಳಲ್ಲಿ ಒಂದಾದರೂ ಸಿಗುವ ಸಾಧ್ಯತೆ ಶೇ 95. ಆ ಸಂಖ್ಯೆ ಬಂದದ್ದು ಅಲ್ಲಿಂದ. ಅಂದರೆ ನಿಮ್ಮ 6,000ದಲ್ಲಿ 600ಕ್ಕೆ ಹತ್ತಿದ ಮೇಲಿನ ಮಾತು ಅದು. 60 ಕೋಳಿಗೆ ಮಾತ್ರ ಹತ್ತಿದ್ದರೆ ಅದೇ 30 ಸ್ವಾಬ್‌ನಲ್ಲಿ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಶೇ 1ರ ಸೋಂಕನ್ನೂ ಹಿಡಿಯಬೇಕೆಂದರೆ ಹತ್ತಿರಹತ್ತಿರ 300 ಸ್ವಾಬ್ ಬೇಕು, ಅದೂ ಪ್ರತಿ ಶೆಡ್‌ಗೆ, ಪ್ರತಿ ಸಲ. ಇಲಾಖೆಯ ಸ್ವಾಬ್ ಜಿಲ್ಲೆಯ ಚಿತ್ರ ತಿಳಿಯಲು ಬೇಕು, ಅದನ್ನು ಹಗುರವಾಗಿ ನೋಡಬೇಡಿರಿ. ಆದರೆ ನಿಮ್ಮ ಶೆಡ್‌ಗೆ ಅದು ಕಾವಲು ಅಲ್ಲ.

ಕಾವಲು ಅಂದರೆ ನಿಮ್ಮ ದಿನದ ರಿಜಿಸ್ಟರ್. ಹಕ್ಕಿಜ್ವರದ ಎಚ್5ಎನ್1 ಲೇಯರ್ ಕೋಳಿಯಲ್ಲಿ ಬಚ್ಚಿಟ್ಟುಕೊಂಡು ಕೂಡುವ ವೈರಸ್ ಅಲ್ಲ, ಹತ್ತಿದ ಕೋಳಿಯನ್ನು ಕೆಲವೇ ದಿನದಲ್ಲಿ ಕೊಲ್ಲುತ್ತದೆ. ಹಾಗಾಗಿ ಆರೋಗ್ಯವಾಗಿ ಕಾಣುವ 300 ಕೋಳಿಯ ಬಾಯಿಗೆ ಸ್ವಾಬ್ ಹಾಕುವುದಕ್ಕಿಂತ, ಇವತ್ತು ಬೆಳಿಗ್ಗೆ ಸತ್ತ 5 ಕೋಳಿಯಲ್ಲಿ ವೈರಸ್ ಸಿಗುವ ಸಂಭವ ಎಷ್ಟೋ ಪಾಲು ಹೆಚ್ಚು. ಸತ್ತದ್ದನ್ನು ಎಣಿಸಿ ಗುಂಡಿಗೆ ಹಾಕಿ ಮರೆಯುವ ಶೆಡ್‌ನಲ್ಲಿ ಅತ್ಯಂತ ಬೆಲೆಯುಳ್ಳ ಮಾದರಿ ದಿನಾ ಮಣ್ಣು ಸೇರುತ್ತಿರುತ್ತದೆ.

ರಿಜಿಸ್ಟರ್‌ನಲ್ಲಿ ನಾಲ್ಕು ಅಂಕಿ ಸಾಕು: ಮೇವು, ನೀರು, ಮೊಟ್ಟೆ, ಸಾವು. ಶೆಡ್‌ಗೆ ಬೇರೆ ಬೇರೆ ಪುಟ. ನಿಮ್ಮ ಲೆಕ್ಕಕ್ಕೆ ಹೇಳುವುದಾದರೆ ಕೋಳಿಗೆ ದಿನಕ್ಕೆ 110 ಗ್ರಾಂ ಮೇವು ಹಿಡಿದರೆ ಶೆಡ್‌ಗೆ 660 ಕೆಜಿ. ನೀರು ಅದರ ಎರಡು ಪಟ್ಟು, ಅಂದಾಜು 1,300–1,400 ಲೀಟರ್. ಬೇಸಿಗೆಯಲ್ಲಿ ಇನ್ನೂ ಏರುತ್ತದೆ. ಶೇ 90 ಇಳುವರಿ ಅಂದರೆ 5,400 ಮೊಟ್ಟೆ, 180 ಟ್ರೇ. ಯುರೋಪಿನಲ್ಲಿ ಹಕ್ಕಿಜ್ವರ ಎಂದು ಅನುಮಾನಿಸಲು ಇಟ್ಟಿದ್ದ ಗೆರೆ ಹೀಗಿತ್ತು: ಮೇವು-ನೀರು ಶೇ 20ಕ್ಕಿಂತ ಹೆಚ್ಚು ಇಳಿದರೆ, ಮೊಟ್ಟೆ ಎರಡು ದಿನಕ್ಕಿಂತ ಹೆಚ್ಚು ಕಾಲ ಶೇ 5ಕ್ಕಿಂತ ಹೆಚ್ಚು ಕಡಿಮೆಯಾದರೆ, ಅಥವಾ ವಾರದಲ್ಲಿ ಶೇ 3ಕ್ಕಿಂತ ಹೆಚ್ಚು ಸತ್ತರೆ. ನಿಮ್ಮ ಶೆಡ್‌ಗೆ ಇಳಿಸಿದರೆ ಮೇವು 50 ಕೆಜಿಯ ಎರಡೂವರೆ ಚೀಲ ಉಳಿಯುವುದು, ಮೊಟ್ಟೆ 9 ಟ್ರೇ ಕಡಿಮೆ ಬರುವುದು, ವಾರಕ್ಕೆ 180 ಕೋಳಿ ಸಾಯುವುದು.

ಸಾವಿನ ಆ ಗೆರೆಗೆ ಕಾಯಲೇಬೇಡಿರಿ. ಚೆನ್ನಾಗಿರುವ ಲೇಯರ್ ಶೆಡ್‌ನಲ್ಲಿ ವಾರಕ್ಕೆ ಸಾವಿರಕ್ಕೆ ಒಂದರ ಸುಮಾರು ಸಾಯುತ್ತವೆ, ನಿಮಗೆ ದಿನಕ್ಕೆ ಒಂದು ಹಿಡಿಯಿರಿ. 180 ತಲುಪುವ ಹೊತ್ತಿಗೆ ವೈರಸ್ ಕೆಲಸದವರ ಕೈ, ಟ್ರೇ, ಗಾಡಿ ಎಲ್ಲಾ ದಾಟಿ ಹೋಗಿರುತ್ತದೆ. ನನ್ನ ಸಲಹೆ: ಹಿಂದಿನ 14 ದಿನದ ಸರಾಸರಿ ಸಾವಿನ ಮೂರು ಪಟ್ಟು ಎರಡು ದಿನ ಬಿಡದೆ ಬಂದರೆ ಫೋನ್ ಮಾಡಿರಿ. ಸುಳ್ಳು ಎಚ್ಚರಿಕೆ ಆಗುತ್ತದೆ, ಆಗಲಿ.

ಸತ್ತ ಕೋಳಿ ಯಾವ ಸಾಲು, ಯಾವ ಪಂಜರ ಅಂತ ಬರೆಯುವುದು ಬಹಳ ಮುಖ್ಯ. ನೆಲದ ಮೇಲೆ ಸಾಕಿದ ಕೋಳಿಯಲ್ಲಿ ಹರಡಿದಷ್ಟು ಬೇಗ ಪಂಜರದಲ್ಲಿ ಹರಡುವುದಿಲ್ಲ. ಮೊದಲು ಒಂದು ಪಂಜರ, ಆಮೇಲೆ ಅಕ್ಕಪಕ್ಕದ ಎರಡು, ಆಮೇಲೆ ಅದೇ ಸಾಲು. ಇಡೀ ಶೆಡ್‌ನ ಅಂಕಿ ಇನ್ನೂ ಸಾಧಾರಣ ಕಾಣುವಾಗಲೇ ನಕ್ಷೆಯಲ್ಲಿ ಗುರುತುಗಳು ಒಂದೇ ಕಡೆ ಗುಂಪಾಗಿರುತ್ತವೆ. ಶೆಡ್‌ನ ನಕ್ಷೆ ಬರೆದು ಬಾಗಿಲ ಹತ್ತಿರ ತೂಗುಹಾಕಿ, ಸತ್ತಲ್ಲಿ ತಾರೀಖು ಬರೆಯಲು ಹೇಳಿರಿ.

ನಿಮ್ಮ ಕಡೆ ಗೊಂದಲ ಮಾಡುವುದು ಬಿಸಿಲು. ಮಾರ್ಚ್ ಕೊನೆಗೆ 40 ಡಿಗ್ರಿ ದಾಟಿದಾಗ ಮಧ್ಯಾಹ್ನದ ಮೇಲೆ ತೂಕದ ಕೋಳಿ ಸಾಯುತ್ತವೆ, ಮೇವು ಇಳಿಯುತ್ತದೆ, ಆದರೆ ನೀರು ಏರುತ್ತದೆ. ವೈರಸ್ ಹತ್ತಿದಾಗ ಮೇವು-ನೀರು ಎರಡೂ ಇಳಿಯುತ್ತವೆ, ರಾತ್ರಿ ತಂಪಿನಲ್ಲೂ ಸಾವು ನಿಲ್ಲುವುದಿಲ್ಲ. ಬಿಸಿಲಿನ ಏಟು ಎರಡೂ ಶೆಡ್‌ಗೆ ಒಂದೇ ದಿನ ಬೀಳುತ್ತದೆ. ರೋಗ ಸಾಮಾನ್ಯವಾಗಿ ಒಂದರಲ್ಲಿ ಶುರುವಾಗುತ್ತದೆ. ನಿಮ್ಮಲ್ಲಿ ಎರಡು ಶೆಡ್ ಇರುವುದೇ ಒಂದು ಅನುಕೂಲ, ದಿನಾ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಿ. ಟ್ಯಾಂಕ್‌ನಿಂದ ಶೆಡ್‌ಗೆ ಹೋಗುವ ಪೈಪಿಗೆ ಒಂದೊಂದು ನೀರಿನ ಮೀಟರ್ ಕೂಡಿಸಿರಿ. ನಾಲ್ಕು ಅಂಕಿಯಲ್ಲಿ ಸಾಮಾನ್ಯವಾಗಿ ಮೊದಲು ಬೀಳುವುದು ನೀರು, ಮತ್ತು ನಮ್ಮ ಕಡೆ ಯಾರೂ ಅಳೆಯದೇ ಇರುವುದೂ ಅದೇ.

ಜುಟ್ಟು ನೀಲಿಗಟ್ಟುವುದು, ಕಾಲಿನ ಮೇಲೆ ರಕ್ತದ ಚುಕ್ಕೆ, ಮುಖ ಬಾವು, ಕತ್ತು ತಿರುಚುವುದು ಕಂಡರೆ ಕೆಲವರು ರಾಣಿಖೇತ್ (ಕೋಳಿಗಳ ಇನ್ನೊಂದು ವೈರಸ್ ರೋಗ) ಇರಬೇಕು ಅಂತ ಲಸಿಕೆ ಹಾಕಿ ಕೂಡುತ್ತಾರೆ. ಕಣ್ಣಿನಿಂದ ನೋಡಿ ಎರಡನ್ನೂ ಬೇರೆ ಮಾಡಲು ಯಾರಿಂದಲೂ ಆಗುವುದಿಲ್ಲ, ಲ್ಯಾಬ್ ಒಂದೇ ದಾರಿ. ಅನುಮಾನ ಇದ್ದಾಗ ಫಾರ್ಮ್‌ನಲ್ಲೇ ಕೋಳಿ ಕೊಯ್ದು ನೋಡುವುದು ಬೇಡವೇ ಬೇಡ, ಪಶುವೈದ್ಯರು ಬಂದರೂ ಬೇಡ.

ಲ್ಯಾಬ್‌ಮೇಜು:

ಡಾಕ್ಟರ್ ಸಾಹೇಬರು ಹೇಳಿದ್ದು ಸರಿ. ನಾನು ಮಾದರಿಯ ವಿಷಯ ಹೇಳುತ್ತೇನೆ, ಏಕೆಂದರೆ ನೆಗೆಟಿವ್ ರಿಪೋರ್ಟ್‌ಗಳಲ್ಲಿ ಒಂದು ಪಾಲು ವೈರಸ್ ಇಲ್ಲದ್ದಕ್ಕಲ್ಲ, ಮಾದರಿ ಕೆಟ್ಟದ್ದಕ್ಕೆ ಬರುತ್ತದೆ.

ಅನುಮಾನದ ಮಾದರಿಯನ್ನು ಇಲಾಖೆಯ ಪಶುವೈದ್ಯರೇ ತೆಗೆಯಬೇಕು. ಅದು ಭೋಪಾಲದ ನಿಷಾದ್‌ಗೆ, ಅಂದರೆ ರಾಷ್ಟ್ರೀಯ ಉನ್ನತ ಸುರಕ್ಷತಾ ಪ್ರಾಣಿರೋಗ ಸಂಸ್ಥೆಗೆ ಹೋಗುತ್ತದೆ. ಎಚ್5 ಖಚಿತ ಆಗುವುದು ಅಲ್ಲಿ. ಖಾಸಗಿ ಲ್ಯಾಬ್‌ಗೆ ಅನುಮಾನದ ಸತ್ತ ಕೋಳಿಯನ್ನು ಬಸ್ಸಿನಲ್ಲೋ ಬೈಕಿನಲ್ಲೋ ಕಳಿಸುವುದು ಅಪರಾಧ ಅನ್ನುವುದಕ್ಕಿಂತ ಮೊದಲು ಅಪಾಯ. ಆದರೂ ಮಾದರಿ ತೆಗೆಯುವಾಗ ಮಾಲೀಕರು ಪಕ್ಕದಲ್ಲಿ ಇರುತ್ತೀರಿ, ಕೋಳಿ ಹಿಡಿದುಕೊಡುವವರು ನಿಮ್ಮವರೇ. ಏನು ಸರಿ, ಏನು ತಪ್ಪು ಅಂತ ತಿಳಿದಿದ್ದರೆ ಒಳ್ಳೆಯದು.

ಸ್ವಾಬ್ ಕಡ್ಡಿ ಪ್ಲಾಸ್ಟಿಕ್ ಇರಬೇಕು, ತುದಿ ಸಿಂಥೆಟಿಕ್. ಮರದ ಕಡ್ಡಿಯಿಂದ ಇಳಿಯುವ ಪದಾರ್ಥ ಪಿಸಿಆರ್‌ಗೆ, ಅಂದರೆ ವೈರಸ್‌ನ ಜೀನ್ ಹುಡುಕುವ ಪರೀಕ್ಷೆಗೆ, ಅಡ್ಡಿ ಮಾಡುತ್ತದೆ. ಗಂಟಲಿನ ಸ್ವಾಬ್ ಅಂದರೆ ನಾಲಿಗೆ ಮೇಲೆ ಸವರುವುದಲ್ಲ; ಕೊಕ್ಕು ಬಿಡಿಸಿ, ಮೇಲಿನ ಅಂಗುಳದಲ್ಲಿ ಕಾಣುವ ಸೀಳು ಮತ್ತು ಶ್ವಾಸನಾಳದ ಬಾಯಿ ಎರಡನ್ನೂ ಒತ್ತಿ ಉಜ್ಜಬೇಕು. ಗುದದ್ವಾರದ ಸ್ವಾಬ್ ಒಂದೂವರೆ ಸೆಂಟಿಮೀಟರ್‌ನಷ್ಟು ಒಳಗೆ ಹೋಗಿ ಎರಡು ಸುತ್ತು ತಿರುಗಬೇಕು, ಹೊರಬಂದಾಗ ತುದಿಗೆ ಹಿಕ್ಕೆಯ ಬಣ್ಣ ಹತ್ತಿರಬೇಕು. ದೊಡ್ಡ ಮುದ್ದೆ ಹತ್ತಿದ್ದರೆ ಒದರಿ ಬಿಡಿ, ಅತಿಯಾದ ಹಿಕ್ಕೆಯೂ ಪಿಸಿಆರ್ ಕೆಡಿಸುತ್ತದೆ. ಒಂದು ನಳಿಕೆಗೆ ಹೆಚ್ಚೆಂದರೆ 5 ಕೋಳಿಯ ಸ್ವಾಬ್. ಗಂಟಲಿನದು ಗಂಟಲಿನ ಜೊತೆ, ಗುದದ್ದು ಗುದದ ಜೊತೆ. ಕೋಳಿಯದೂ ಬಾತಿನದೂ ಒಂದೇ ನಳಿಕೆಯಲ್ಲಿ ಬೇಡ.

ನಳಿಕೆಯಲ್ಲಿರುವ ವಿಟಿಎಂ, ಅಂದರೆ ವೈರಸ್ ಕೆಡದಂತೆ ಇಡುವ ದ್ರವ, ತಿಳಿ ಗುಲಾಬಿ ಇರುತ್ತದೆ. ಹಳದಿಗೆ ತಿರುಗಿದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ ಅಂತ, ಅಂಥದ್ದನ್ನು ಬಳಸಲೇಬೇಡಿ. ತೆಗೆದ ಕೂಡಲೇ ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆಗೆ, 4 ಡಿಗ್ರಿ ಸುತ್ತಮುತ್ತ. 48 ಗಂಟೆಯೊಳಗೆ ಲ್ಯಾಬ್ ಮುಟ್ಟುವಂತಿದ್ದರೆ ಹೀಗೇ ಹೋಗಬೇಕು, ತಡವಾಗುವುದಾದರೆ ಮೈನಸ್ 70 ಡಿಗ್ರಿಗಿಂತ ಕೆಳಗೆ. ಇವೆರಡರ ನಡುವಿನ ದಾರಿಯೇ ಕೆಟ್ಟದ್ದು: ಮನೆಯ ಫ್ರಿಜ್ಜಿನ ಫ್ರೀಜರ್. ಅಲ್ಲಿ ಮಂಜು ಕಟ್ಟಿ ಕರಗಿ, ಮತ್ತೆ ಕಟ್ಟಿ ವೈರಸ್ ನಾಶವಾಗುತ್ತದೆ. ಹೆಸರು ಬರೆಯುವಾಗ ಮಾರ್ಕರ್ ಬೇಡ. ನಳಿಕೆಯನ್ನು ಹೊರಗಿನಿಂದ ಸ್ಪಿರಿಟ್‌ನಲ್ಲಿ ಒರೆಸಿದಾಗ ಅಕ್ಷರ ಅಳಿಸಿಹೋಗುತ್ತದೆ. ಬಟ್ಟೆ ಟೇಪಿನ ಮೇಲೆ ಪೆನ್ಸಿಲ್‌ನಿಂದ ಶೆಡ್, ಸಾಲು, ತಾರೀಖು ಬರೆಯಿರಿ. ಸತ್ತ ಕೋಳಿಯಾದರೆ ಹಾಗೇ ಇಡಿಯಾಗಿ ಎರಡು ದಪ್ಪ ಚೀಲದಲ್ಲಿ ಕಟ್ಟಿ ತಂಪಿನಲ್ಲಿ. ರಾತ್ರಿ ಸತ್ತು ಬಿಸಿಲಲ್ಲಿ ಮಧ್ಯಾಹ್ನದವರೆಗೆ ಬಿದ್ದದ್ದಕ್ಕಿಂತ ಬೆಳಗಿನ ಮೊದಲ ಸುತ್ತಿನಲ್ಲಿ ಸಿಕ್ಕಿದ್ದು ನೂರು ಪಾಲು ಮೇಲು.

ಇನ್ನು ನಿಮ್ಮ ಎಚ್9 ರಿಪೋರ್ಟ್. ಎಚ್9ಎನ್2 ನಮ್ಮ ದೇಶದ ಕೋಳಿಗಳಲ್ಲಿ ಮನೆಮಾಡಿರುವ ಕಡಿಮೆ ತೀವ್ರತೆಯ ವೈರಸ್. ಮೊಟ್ಟೆ ಇಳಿಸುತ್ತದೆ, ಸಣ್ಣ ಕೆಮ್ಮು ಬರುತ್ತದೆ, ತಾನೊಂದೇ ಇದ್ದಾಗ ಹೆಚ್ಚು ಕೊಲ್ಲುವುದಿಲ್ಲ. ಸೀರಮ್‌ನಲ್ಲಿ ಆಂಟಿಬಾಡಿ ಸಿಕ್ಕಿದೆ ಅಂದರೆ ಯಾವಾಗಲೋ ಬಂದುಹೋಗಿದೆ, ಇಲ್ಲವೆ ಲಸಿಕೆ ಬಿದ್ದಿದೆ. ಮರಿ ಕೊಟ್ಟವರನ್ನು ಕೇಳಿ, ಎಚ್9 ಲಸಿಕೆ ಹಾಕಿದ್ದರೆ ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ, ಪಿಸಿಆರ್ ಮಾಡಿಸಬೇಕು. ಎಚ್5ಗೆ ಸೀರಮ್ ನೋಡಿ ಲೇಯರ್‌ನಲ್ಲಿ ಪ್ರಯೋಜನ ಕಡಿಮೆ. ಆಂಟಿಬಾಡಿ ಹುಟ್ಟಲು ವಾರದ ಮೇಲೆ ಬೇಕು, ಅಷ್ಟರೊಳಗೆ ಕೋಳಿ ಬದುಕಿರುವುದಿಲ್ಲ. ಬಾತುಗಳ ಮಾತು ಬೇರೆ, ಅವು ಲಕ್ಷಣವಿಲ್ಲದೆ ವೈರಸ್ ಹೊತ್ತು ತಿರುಗಬಲ್ಲವು, ಅಲ್ಲಿ ಸೀರಮ್ ಉಪಯೋಗಕ್ಕೆ ಬರುತ್ತದೆ.

ಪಿಸಿಆರ್ ರಿಪೋರ್ಟ್‌ನಲ್ಲಿ ‘ಎಂ ಜೀನ್ ಪಾಸಿಟಿವ್, ಎಚ್5 ನೆಗೆಟಿವ್’ ಅಂತ ಬಂದರೆ ಗಾಬರಿ ಬೇಡ, ಬಿಡಲೂ ಬೇಡ. ಯಾವುದೋ ಒಂದು ಇನ್‌ಫ್ಲುಯೆಂಜಾ ಎ ವೈರಸ್ ಇದೆ ಅಂತ ಅರ್ಥ, ಎಚ್9 ಮತ್ತು ಎಚ್7 ನೋಡಲೇಬೇಕು. ಎಚ್9ಎನ್2 ಮನುಷ್ಯರಿಗೂ ಹತ್ತಿದ ದಾಖಲೆ ನಮ್ಮ ನೆರೆಯಲ್ಲೇ ಇದೆ: 2019ರಲ್ಲಿ ಮಹಾರಾಷ್ಟ್ರದ ಮೇಲ್ಘಾಟ್‌ನ ಒಂದು ಕೂಸಿನಲ್ಲಿ ಸಿಕ್ಕಿತ್ತು.

ನಿಪ್ಪಾಣಿ_ಬ್ರಾಯ್ಲರ್:

ಅಲ್ರೀ, ಹಂಗಂದ್ರ ತಿಂಗಳಿಗೊಮ್ಮೆ ಸ್ವಾಬ್ ಸುಮ್ಮನ ಖರ್ಚು ಅಂದಂಗಾತು. ನಮ್ಮ ಕಡೆ ಕಂಪನಿಯವರು ಗಾಡಿ ತೊಳೆಯೋ ಜಾಗದಾಗ, ಮೊಟ್ಟಿ ಟ್ರೇ ಮ್ಯಾಲ ಸ್ವಾಬ್ ತಗೀರಿ ಅಂತಾರ. ಅದು ಉಪಯೋಗ ಐತೇನ್ರಿ?

ಲ್ಯಾಬ್‌ಮೇಜು:

ಐತಿ. ಬದುಕಿರುವ ಕೋಳಿಗಿಂತ ಪರಿಸರದ ಮಾದರಿ ಎಷ್ಟೋ ಸಲ ಹೆಚ್ಚು ಹೇಳುತ್ತದೆ, ಏಕೆಂದರೆ ಒಂದು ಸ್ವಾಬ್‌ನಲ್ಲಿ ನೂರಾರು ಕೋಳಿಯ ಕುರುಹು ಇರುತ್ತದೆ. ಕೋಳಿ ಮಾರುಕಟ್ಟೆಯಲ್ಲಿ ಕೊಯ್ಯುವ ಹಲಗೆ, ಪುಕ್ಕ ಕೀಳುವ ಡ್ರಮ್, ಚರಂಡಿ ನೀರು. ಫಾರ್ಮ್‌ನಲ್ಲಿ ಫ್ಯಾನಿನ ಜಾಲರಿಯ ಧೂಳು, ಸತ್ತ ಕೋಳಿ ಹಾಕುವ ಡಬ್ಬಿ, ವಾಪಸ್ ಬಂದ ಟ್ರೇ. ಸ್ವಾಬ್ ಒಣಗಿದ್ದರೆ ಏನೂ ಹತ್ತುವುದಿಲ್ಲ; ವಿಟಿಎಂನಲ್ಲಿ ಅದ್ದಿಕೊಂಡು ಅಂಗೈ ಅಗಲ ಜಾಗ ಒರೆಸಿ. ಬ್ಲೀಚಿಂಗ್ ಹಾಕಿ ಆಗಷ್ಟೇ ತೊಳೆದ ಜಾಗದಿಂದ ತೆಗೆದರೆ ಸುಳ್ಳು ನೆಗೆಟಿವ್. ತೊಳೆಯುವ ಮೊದಲು ತೆಗೆಯಬೇಕು. ಇದನ್ನೂ ಇಲಾಖೆಯ ಪಶುವೈದ್ಯರ ಗಮನಕ್ಕೆ ತಂದು, ಅವರ ಕೈಯಿಂದಲೇ ಮಾಡಿಸಿರಿ.

ಟ್ರೇ ವಿಷಯದಲ್ಲಿ ಮಾತ್ರ ಸ್ವಾಬ್‌ಗಿಂತ ಮುಂಜಾಗ್ರತೆ ಅಗ್ಗ. ಕಾಗದದ ಟ್ರೇ ವಾಪಸ್ ಒಳಗೆ ತರಲೇಬೇಡಿ. ಪ್ಲಾಸ್ಟಿಕ್ ಟ್ರೇಯಾದರೆ ಮೊದಲು ಸಾಬೂನು ನೀರು, ಆಮೇಲೆ ಸೋಂಕುನಾಶಕ, ಆಮೇಲೆ ಬಿಸಿಲು. ಹಿಕ್ಕೆ ಹತ್ತಿದ ಟ್ರೇಯನ್ನು ನೇರ ಸೋಂಕುನಾಶಕಕ್ಕೆ ಅದ್ದಿದರೆ ಔಷಧದ ಶಕ್ತಿಯೆಲ್ಲ ಕೊಳೆಗೇ ಮುಗಿಯುತ್ತದೆ.

ಹಿನ್ನೀರು_ಲೇಯರ್ಸ್ (ಬೀಳಗಿ):

ಭಾಳ ಉಪಕಾರ ಆತ್ರಿ. ನೀರಿನ ಮೀಟರ್, ನಕ್ಷೆ ಎರಡೂ ಮಾಡ್ತೀವಿ. ಒಂದು ಮಾತು ಮುಚ್ಚಿಡಂಗಿಲ್ಲ, ಬೋರ್ ಕಡಿಮಿ ಆದಾಗ ಹಿನ್ನೀರಿಂದನ ನೀರು ಎತ್ತಿ ಟ್ಯಾಂಕಿಗೆ ಹಾಕ್ತೀವಿ. ಹೆಬ್ಬಾತು ಕೂಡೋದು ಅಲ್ಲೇ. ಅದಕ್ಕೇನು ಮಾಡೋದ್ರಿ?

ಪಶುವೈದ್ಯ_ಬೆಳಗಾವಿ:

ನಿಮ್ಮ ಫಾರ್ಮ್‌ನ ದೊಡ್ಡ ಬಾಗಿಲು ಇದೇ. 2020ರ ಕೊನೆ, 2021ರ ಆರಂಭದಲ್ಲಿ ಹಿಮಾಚಲದ ಪೊಂಗ್ ಅಣೆಕಟ್ಟಿನ ಹಿನ್ನೀರಿನಲ್ಲಿ ಎಚ್5ಎನ್1ನಿಂದ ಸಾವಿರಕ್ಕೂ ಹೆಚ್ಚು ವಲಸೆ ಹಕ್ಕಿ ಸತ್ತವು, ಅದರಲ್ಲಿ ಬಹುಪಾಲು ಪಟ್ಟೆತಲೆಯ ಹೆಬ್ಬಾತು. ಆಲಮಟ್ಟಿಗೆ ಬರುವುದೂ ಅದೇ ಜಾತಿ. ಹಕ್ಕಿಯನ್ನು ಓಡಿಸುವುದು, ಕೊಲ್ಲುವುದು ಪರಿಹಾರ ಅಲ್ಲ. ಅವುಗಳ ಹಿಕ್ಕೆ ನಿಮ್ಮ ಶೆಡ್ ಸೇರದಂತೆ ನೋಡಿಕೊಳ್ಳುವುದೇ ಪರಿಹಾರ. ತಣ್ಣನೆಯ ನೀರಿನಲ್ಲಿ ಈ ವೈರಸ್ ವಾರಗಟ್ಟಲೆ ಬದುಕುತ್ತದೆ.

ಆಗುವುದಾದರೆ ಆ ಐದು ತಿಂಗಳು ಹಿನ್ನೀರು ಬಿಟ್ಟುಬಿಡಿರಿ, ಟ್ಯಾಂಕರ್ ಬೋರ್ ನೀರು ತರಿಸಿದರೂ ಲೆಕ್ಕಕ್ಕೆ ಲಾಭವೇ. ಆಗದಿದ್ದರೆ ಎರಡು ಟ್ಯಾಂಕ್ ಬೇಕು. ಮೊದಲನೆಯದರಲ್ಲಿ ಪಟಿಕ ಹಾಕಿ ರಾಡಿ ತಳಕ್ಕೆ ಕೂಡಿಸಿರಿ. ರಾಡಿ ನೀರಿಗೆ ಎಷ್ಟು ಕ್ಲೋರಿನ್ ಹಾಕಿದರೂ ಮಣ್ಣೇ ಅದನ್ನು ತಿಂದುಬಿಡುತ್ತದೆ. ತಿಳಿ ನೀರನ್ನು ಎರಡನೆಯದಕ್ಕೆ ಇಳಿಸಿ 1,000 ಲೀಟರ್‌ಗೆ 10 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್. ಅದರಲ್ಲಿ ಶೇ 30 ಕ್ಲೋರಿನ್ ಇದ್ದರೆ 3 ಪಿಪಿಎಂ (ಲೀಟರ್‌ಗೆ 3 ಮಿಲಿಗ್ರಾಂ) ಆಗುತ್ತದೆ. ಬಾಯಿ ತೆರೆದ ಹಳೆ ಚೀಲದಲ್ಲಿ ಶಕ್ತಿ ಉಳಿದಿರುವುದಿಲ್ಲ, ಆದ್ದರಿಂದ ತೂಕ ನಂಬಿ ಕೂಡಬೇಡಿರಿ. ಅರ್ಧ ಗಂಟೆ ಬಿಟ್ಟು ಕೋಳಿ ನೀರು ಕುಡಿಯುವ ಕೊನೆಯ ನಿಪ್ಪಲ್‌ನಿಂದ ನೀರು ಹಿಡಿದು ಕ್ಲೋರಿನ್ ಕಿಟ್‌ನಲ್ಲಿ ನೋಡಿರಿ. ಅಲ್ಲಿ 2 ಪಿಪಿಎಂ ಸಿಗಬೇಕು. ಟ್ಯಾಂಕ್‌ನಲ್ಲಿ ಸಿಕ್ಕು ನಿಪ್ಪಲ್‌ನಲ್ಲಿ ಸಿಗದಿದ್ದರೆ ಪೈಪಿನೊಳಗೆ ಪಾಚಿ ಕಟ್ಟಿದೆ ಅಂತ. ನೀರಿನಲ್ಲಿ ಜೀವಂತ ಲಸಿಕೆ ಕೊಡುವ ಹಿಂದಿನ ದಿನದಿಂದ ಮಾರನೆಯ ದಿನದವರೆಗೆ ಕ್ಲೋರಿನ್ ಬೇಡ, ಲಸಿಕೆ ಸತ್ತುಹೋಗುತ್ತದೆ. ಆ ದಿನಗಳಿಗೆ ಬೋರ್ ನೀರು ಕೂಡಿಟ್ಟಿರಿ.

ಬಾಗಿಲಲ್ಲಿರುವ ಕಾಲು ಅದ್ದುವ ತೊಟ್ಟಿಯನ್ನೂ ನೆಚ್ಚಬೇಡಿರಿ. ಸಂಜೆಯ ಹೊತ್ತಿಗೆ ಅದು ಹಿಕ್ಕೆಯ ನೀರಾಗಿರುತ್ತದೆ. ಬಾಗಿಲಿಗೆ ಅಡ್ಡ ಒಂದು ಮೊಣಕಾಲೆತ್ತರದ ಕಟ್ಟೆ ಕಟ್ಟಿ, ಹೊರಗಿನ ಚಪ್ಪಲಿ ಆಚೆ ಬಿಟ್ಟು, ಕಟ್ಟೆ ಮೇಲೆ ಕೂತು ಕಾಲು ಈಚೆ ತಿರುಗಿಸಿ, ಆ ಶೆಡ್‌ನದ್ದೇ ಬೂಟು ಹಾಕಿಕೊಳ್ಳುವ ವ್ಯವಸ್ಥೆ ಮಾಡಿರಿ. ಶೆಡ್ 1ಕ್ಕೆ ಕೆಂಪು, ಶೆಡ್ 2ಕ್ಕೆ ಕರಿ ಬೂಟು ಇಟ್ಟರೆ ತಪ್ಪಿದವರು ದೂರದಿಂದಲೇ ಕಾಣುತ್ತಾರೆ. ಮುದಿ ಕೋಳಿ ಹಿಡಿಯಲು ಬರುವ ತಂಡಕ್ಕೂ ಇದೇ ನಿಯಮ, ಅವರು ಅದೇ ವಾರ ಎಷ್ಟು ಫಾರ್ಮ್ ಸುತ್ತಿ ಬಂದಿರುತ್ತಾರೆ ಅಂತ ಯೋಚಿಸಿರಿ.

ಅಮೀನಗಡ_ಸಂತೆ:

ಕುರಿ, ಹಂದಿ ಬಗ್ಗೆ ಯಾರೂ ಹೇಳಲಿಲ್ಲ, ನಾ ಹೇಳ್ತೀನಿ.

ಮೊದಲು ಯಾವುದಕ್ಕ ಅಂಜಬಾರದು ಅನ್ನೋದು. ಕುರಿ-ಆಡುಗಳ ಪಿಪಿಆರ್, ದನಗಳ ಚರ್ಮಗಂಟು ರೋಗ, ಹಂದಿಗಳ ಆಫ್ರಿಕನ್ ಹಂದಿಜ್ವರ, ಇವು ಜಾನುವಾರನ್ನ ಹಾಳು ಮಾಡ್ತಾವ, ಮನುಷ್ಯಾರಿಗೆ ಹತ್ತೂದಿಲ್ಲ. ಕುರಿ ಬಾಯಿ ಹುಣ್ಣು, ಎಮ್ಮಿ ಮೊಲಿ ಮ್ಯಾಲಿನ ಸಿಡುಬು ಹತ್ತತಾವ, ಹಿಂಡೋರ ಬೆರಳಿಗೆ ಗುಳ್ಳಿ ಏಳ್ತಾವ. ಅಂಥ ಎಮ್ಮಿ ಕಡೀಕ ಹಿಂಡ್ರಿ, ಕೈಗೆ ಗಾಯ ಇದ್ದೋರು ಹಿಂಡಬ್ಯಾಡ್ರಿ.

ಕುರ್ಯಾಗ ನಿಗಾ ಇಡಬೇಕಾದ್ದು ಸಿಸಿಎಚ್‌ಎಫ್, ಉಣ್ಣಿಯಿಂದ ಬರೋ ರಕ್ತಸ್ರಾವದ ಜ್ವರ. 2011ರಾಗ ಗುಜರಾತಿನಾಗ ಮನುಷ್ಯಾರಲ್ಲಿ ಖಚಿತ ಆತು, ಆರೈಕಿ ಮಾಡಿದ ಆಸ್ಪತ್ರಿ ಸಿಬ್ಬಂದಿನೂ ಸತ್ರು. ಇದರ ಕಷ್ಟ ಏನಂದ್ರ ಕುರಿಗೆ ಏನೂ ಆಗೂದಿಲ್ಲ. ಒಂದು ವಾರದ ಸುಮಾರು ರಕ್ತದಾಗ ವೈರಸ್ ಇರತೈತಿ, ಕುರಿ ಮೇಯ್ಕೊಂಡು ಆರಾಮ ಇರತೈತಿ. ಕೋಳಿಗತೆ ಸಾವು ಎಣಿಸಿ ಹಿಡಿಯಾಕ ಬರೂದಿಲ್ಲ. ಇಲ್ಲಿ ಸೀರಮ್ ಪರೀಕ್ಷಾನ ಬೇಕು, ಅದಕ್ಕ ಎಲೀಸಾ ಅನ್ನೋ ಆಂಟಿಬಾಡಿ ಪರೀಕ್ಷಾ ಮಾಡ್ತಾರ. ಪಾಸಿಟಿವ್ ಬಂದ್ರ ಆ ಕುರಿ ಕೊಲ್ಲೋದಲ್ಲ, ಆ ಊರಾಗ ವೈರಸ್ ತಿರುಗೇತಿ ಅಂತ ತಿಳ್ಕೊಂಡು ಉಣ್ಣಿ ಕಡೆ ಲಕ್ಷ್ಯ ಕೊಡೋದು. ಹಯಲೊಮ್ಮ ಜಾತಿ ಉಣ್ಣಿ ದೊಡ್ಡದಿರತೈತಿ, ಕಾಲಿನ ಮ್ಯಾಲ ಬಿಳಿ ಪಟ್ಟಿ ಇರತಾವ. ಅದನ್ನ ಉಗುರಾಗ ಒರೆಯೋದು, ಹಲ್ಲಾಗ ಕಡಿಯೋದು ಬಿಡಸ್ರಿ. ಚಿಮಟಾದಿಂದ ಬುಡಕ್ಕ ಹಿಡದು ಕಿತ್ತು ಸ್ಪಿರಿಟ್ ಬಾಟ್ಲಿಗೆ ಹಾಕ್ರಿ. ಆ ಬಾಟ್ಲಿನ ಪಶುವೈದ್ಯರಿಗೆ ಕೊಟ್ರ ಯಾವ ಜಾತಿ ಅಂತ ಗೊತ್ತಾಕ್ಕತಿ. ಕೊಯ್ಯೋ ಕುರಿಗೆ ಎರಡು ವಾರ ಮೊದಲ ಉಣ್ಣಿ ಔಷಧ ಹಾಕಿ ಬ್ಯಾರೆ ಕಟ್ರಿ. ಅಷ್ಟರಾಗ ರಕ್ತದಾಗಿನ ವೈರಸ್ ತೀರಿರತೈತಿ.

ಹಂದಿ ಇದ್ದ ಮನಿಯವರು ನಿಮ್ಮ ಕೋಳಿ ಶೆಡ್‌ಗೆ ಬರೋದು ಮಾತ್ರ ನನಗ ಸರಿ ಕಾಣಂಗಿಲ್ಲ. ಹಕ್ಕಿಯ ಫ್ಲೂ, ಮನುಷ್ಯಾರ ಫ್ಲೂ ಎರಡೂ ಹಂದಿಗೆ ಹತ್ತತಾವ, ಎರಡು ವೈರಸ್ ಒಂದ ಹಂದ್ಯಾಗ ಸೇರಿದ್ರ ಜೀನ್ ಅದಲುಬದಲು ಆಗಿ ಮೂರನೇದು ಹುಟ್ಟತೈತಿ. 2009ರ ಎಚ್1ಎನ್1ನ ಜೀನ್‌ಗಳು ಬಂದಿದ್ದು ಹಂದಿ ಫ್ಲೂ ವೈರಸ್‌ಗಳಿಂದ. ಸತ್ತ ಕೋಳಿನ ಹಂದಿಗೆ ಹಾಕೋ ರೂಢಿ ಎಲ್ಲಿದ್ರೂ ಇವತ್ತ ನಿಲ್ಲಸ್ರಿ. ಹಂದಿ ಮೂಗಿನ ಸ್ವಾಬ್ ತೆಗೆಯೋದು ಕುಸ್ತಿ ಹಿಡದಂಗ. ಅದಕ್ಕ ದೊಡ್ಡಿಯಾಗ ಹತ್ತಿ ಹಗ್ಗ 20–30 ನಿಮಿಷ ಕಟ್ಟಿದ್ರ ಹಂದಿಗೋಳು ತಾವ ಬಂದು ಅಗೀತಾವ. ಆ ಹಗ್ಗ ಚೀಲದಾಗ ಹಿಂಡಿದ್ರ ಬರೋ ಜೊಲ್ಲಿನಾಗ ಇಡೀ ದೊಡ್ಡಿ ಪರೀಕ್ಷಾ ಆಕ್ಕತಿ.

ಹಂದಿಯಿಂದ ಮಿದುಳುಜ್ವರದ ಚಿಂತಿನೂ ಐತಿ. ಜಪಾನೀಸ್ ಎನ್ಸೆಫಲೈಟಿಸ್ ವೈರಸ್ ಹಂದಿ ಮೈಯಾಗ ಬೆಳದು ಸೊಳ್ಳಿಯಿಂದ ಮಕ್ಕಳಿಗೆ ಬರತೈತಿ. 2022ರ ಡಿಸೆಂಬರ್‌ನಾಗ ರಾಜ್ಯದ 10 ಜಿಲ್ಲಾದಾಗ 15 ವರ್ಷದೊಳಗಿನ ಮಕ್ಕಳಿಗೆ ಲಸಿಕಿ ಹಾಕಿದ್ರಲ್ಲ, ಅದರಾಗ ಬಾಗಲಕೋಟಿನೂ ಇತ್ತು. ನಿಮ್ಮ ಕೆಲಸದವರ ಮಕ್ಕಳಿಗೆ ಆಗಿಲ್ಲಂದ್ರ ಅಂಗನವಾಡ್ಯಾಗ ಕೇಳ್ರಿ.

ಆರೋಗ್ಯ_ನಿಗಾ (ವಿಜಯಪುರ):

ಪ್ರಾಣಿಯ ನಿಗಾ ಅರ್ಧ, ಅದನ್ನು ಮುಟ್ಟುವ ಮನುಷ್ಯರ ನಿಗಾ ಇನ್ನರ್ಧ. ಆರು ಜನರ ಹೆಸರು ಬರೆದ ಒಂದು ಹಾಳೆ ಸಾಕು: ಜ್ವರ, ಕೆಮ್ಮು, ಗಂಟಲು ನೋವು, ಕಣ್ಣು ಕೆಂಪು. ಕಣ್ಣನ್ನು ಬಿಡಬೇಡಿ. 2024ರಲ್ಲಿ ಅಮೆರಿಕದ ಹೈನು ಫಾರ್ಮ್‌ಗಳಲ್ಲಿ ಎಚ್5ಎನ್1 ಹತ್ತಿದ ಅನೇಕ ಕೆಲಸಗಾರರಲ್ಲಿ ಮುಖ್ಯವಾಗಿ ಕಂಡದ್ದು ಕಣ್ಣು ಕೆಂಪಾಗಿದ್ದು. ಅಲ್ಲಿ ಆಕಳುಗಳು ಹಾಲು ಇಳಿಸಿ, ಹಾಲು ಗಟ್ಟಿಯಾಗಿ ಹಳದಿ ಬಣ್ಣಕ್ಕೆ ತಿರುಗಿತ್ತು. ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತವು. ಆದ್ದರಿಂದ ನಿಮ್ಮ ಎಮ್ಮೆಯ ಹಾಲು ಕಾಯಿಸಿಯೇ ಕುಡಿಯಿರಿ, ಮತ್ತು ಫಾರ್ಮ್‌ನ ಬೆಕ್ಕು ಸತ್ತರೆ ಅದನ್ನೂ ರಿಜಿಸ್ಟರ್‌ಗೆ ಬರೆಯಿರಿ. ಕಾಗೆ ಸತ್ತು ಬಿದ್ದರೂ ಬರೆಯಿರಿ.

ಶೆಡ್‌ನಲ್ಲಿ ಹಕ್ಕಿಜ್ವರದ ಅನುಮಾನ ಬಂದರೆ ಕೊನೆಯ ಸಲ ಕೋಳಿ ಮುಟ್ಟಿದ ದಿನದಿಂದ 10 ದಿನ ಎಲ್ಲರನ್ನೂ ಬೆಳಿಗ್ಗೆ ಸಂಜೆ ನೋಡಬೇಕು. ಯಾರಿಗಾದರೂ ಲಕ್ಷಣ ಬಂದರೆ ಆಸ್ಪತ್ರೆಯಲ್ಲಿ ಮೊದಲ ಮಾತೇ ‘ಕೋಳಿ ಫಾರ್ಮ್‌ನಲ್ಲಿ ಕೆಲಸ, ಅಲ್ಲಿ ಕೋಳಿ ಸಾಯುತ್ತಿವೆ’ ಎಂದಿರಬೇಕು. ಹೇಳದಿದ್ದರೆ ಸಾಮಾನ್ಯ ನೆಗಡಿ ಅಂತ ಮಾತ್ರೆ ಕೊಟ್ಟು ಕಳಿಸುತ್ತಾರೆ. ಪರೀಕ್ಷೆಯಲ್ಲಿ ‘ಇನ್‌ಫ್ಲುಯೆಂಜಾ ಎ ಪಾಸಿಟಿವ್’ ಬಂದು ಮನುಷ್ಯರ ಸಾಮಾನ್ಯ ಫ್ಲೂನ ಎಚ್1, ಎಚ್3 ಎರಡೂ ಅಲ್ಲ ಎಂದಾದರೆ ಆ ಮಾದರಿ ಅಲ್ಲಿಗೇ ನಿಲ್ಲಬಾರದು, ಜಿಲ್ಲಾ ಸರ್ವೇಕ್ಷಣಾ ಘಟಕದ ಮೂಲಕ ಪುಣೆಯ ಎನ್‌ಐವಿಗೆ (ರಾಷ್ಟ್ರೀಯ ವೈರಾಣು ಸಂಸ್ಥೆ) ಹೋಗಬೇಕು. ಫ್ಲೂ ಔಷಧ ಒಸೆಲ್ಟಾಮಿವಿರ್ ವೈದ್ಯರು ಕೊಟ್ಟರೆ ಬೇಗ ಶುರುವಾದಷ್ಟೂ ಒಳ್ಳೆಯದು. ಅಂಗಡಿಯಿಂದ ತಂದು ನೀವೇ ಹಂಚಬೇಡಿ.

ಪ್ರತಿ ವರ್ಷ ಎಲ್ಲರಿಗೂ ಸಾಮಾನ್ಯ ಫ್ಲೂ ಲಸಿಕೆ ಹಾಕಿಸಿ. ಅದು ಹಕ್ಕಿಜ್ವರ ತಡೆಯುವುದಿಲ್ಲ. ಆದರೆ ಒಬ್ಬರ ಮೈಯಲ್ಲೇ ಮನುಷ್ಯರ ಫ್ಲೂ ಮತ್ತು ಹಕ್ಕಿಯ ಫ್ಲೂ ಒಟ್ಟಿಗೆ ಸೇರುವ ಸಂದರ್ಭವನ್ನು ಕಡಿಮೆ ಮಾಡುತ್ತದೆ. ಎನ್95 ಮಾಸ್ಕ್ ಕೊಟ್ಟರೆ ಮುಗಿಯಲಿಲ್ಲ, ನಮ್ಮ ಬಿಸಿಲಿನಲ್ಲಿ ಹನ್ನೊಂದರ ಮೇಲೆ ಅದು ಗದ್ದಕ್ಕೆ ಇಳಿದಿರುತ್ತದೆ. ಧೂಳಿನ ಕೆಲಸ, ಅಂದರೆ ಗುಡಿಸುವುದು, ಹಿಕ್ಕೆ ತೆಗೆಯುವುದು, ಎಲ್ಲವನ್ನೂ ಬೆಳಿಗ್ಗೆ ತಂಪಿನಲ್ಲಿ ನೀರು ಚಿಮುಕಿಸಿ ಮುಗಿಸಿ.

ಹಿನ್ನೀರು_ಲೇಯರ್ಸ್ (ಬೀಳಗಿ):

ಕಡೇ ಪ್ರಶ್ನಿ ಡಾಕ್ಟರ್ ಸಾಹೇಬ್ರ. ನಕ್ಷೆದಾಗ ಗುಂಪು ಕಂಡೇಬಿಡ್ತು ಅಂತ ಇಟ್ಕೋರಿ, ಬೆಳಿಗ್ಗೆ ಆರು ಗಂಟೆಗೆ. ಮೊದಲ ಏನ್ ಮಾಡೋದು? ಹೇಳಿದ್ರ ಎಲ್ಲಾ ಕೋಳಿ ಕೊಲ್ಲಿಸ್ತಾರ ಅಂತ ಮಂದಿ ಅಂಜತಾರ, ಅದಕ್ಕ ಮುಚ್ಚತಾರ.

ಪಶುವೈದ್ಯ_ಬೆಳಗಾವಿ:

ಅಂಜಿಕೆ ನಿಜವಾದದ್ದೇ, ಆದರೆ ಲೆಕ್ಕ ಉಲ್ಟಾ ಇದೆ. ಖಚಿತವಾದರೆ ಫಾರ್ಮ್‌ನ ಸುತ್ತ 1 ಕಿಲೋಮೀಟರ್‌ನಲ್ಲಿ ಕೋಳಿ ವಿಲೇವಾರಿ, 10 ಕಿಲೋಮೀಟರ್‌ವರೆಗೆ ನಿಗಾ, ಇದು ಕೇಂದ್ರದ ಕ್ರಿಯಾ ಯೋಜನೆ. 2025ರ ಆರಂಭದಲ್ಲಿ ಬಳ್ಳಾರಿ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಆದದ್ದೂ ಹೀಗೆಯೇ. ಪರಿಹಾರ ಸಿಗುವುದು ಇಲಾಖೆ ವಿಲೇವಾರಿ ಮಾಡಿದ ಕೋಳಿಗೆ. ಅದಕ್ಕೆ ಮೊದಲೇ ಸತ್ತದ್ದಕ್ಕೆ ಇಲ್ಲ. ಮುಚ್ಚಿಟ್ಟ ಒಂದೊಂದು ದಿನವೂ ಪರಿಹಾರವಿಲ್ಲದ ಸಾವು. ಮೇಲಾಗಿ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯ್ದೆ ಪ್ರಕಾರ ತಿಳಿಸುವುದು ಮಾಲೀಕರ ಕರ್ತವ್ಯ. ಪಕ್ಕದ ಮಹಾರಾಷ್ಟ್ರದ ನವಾಪುರದಲ್ಲಿ 2006ರ ಫೆಬ್ರುವರಿಯಲ್ಲಿ ದೇಶದ ಮೊದಲ ಪ್ರಕರಣ ಬಂದಾಗಿನಿಂದ ಈ ವ್ಯವಸ್ಥೆ ಬಹಳ ಪಳಗಿದೆ, ತಡವಾಗುವುದು ಬಹುತೇಕ ಮೊದಲ ಫೋನ್ ಮಾಡುವಲ್ಲಿಯೇ.

ಆರು ಗಂಟೆಗೆ ಮಾಡುವುದು: ಗೇಟ್ ಹಾಕಿರಿ. ಮೊಟ್ಟೆ ಗಾಡಿ, ಮೇವಿನ ಗಾಡಿ, ಗೊಬ್ಬರದ ಟ್ರ್ಯಾಕ್ಟರ್ ಯಾವುದೂ ಒಳಗೂ ಇಲ್ಲ, ಹೊರಗೂ ಇಲ್ಲ. ನಿಮ್ಮ ಪಶು ಆಸ್ಪತ್ರೆಯ ವೈದ್ಯರಿಗೆ ಫೋನ್ ಮಾಡಿರಿ, ಸಿಗದಿದ್ದರೆ ಪಶು ಸಹಾಯವಾಣಿ 1962. ಫೋನ್‌ನಲ್ಲಿ ‘ಕೋಳಿ ಸಾಯುತ್ತಿವೆ’ ಅಂತ ಬಿಟ್ಟುಬಿಡದೆ, ಶೆಡ್‌ನಲ್ಲಿ ಎಷ್ಟಿವೆ, ನಿನ್ನೆ ಎಷ್ಟು ಸತ್ತವು, ಇವತ್ತು ಎಷ್ಟು, ನೀರು ಎಷ್ಟು ಇಳಿದಿದೆ, ಯಾವ ಸಾಲಿನಲ್ಲಿ, ಇಷ್ಟನ್ನೂ ಹೇಳಿರಿ. ಆ ಅಂಕಿ ಕೇಳಿದ ವೈದ್ಯರು ಸಂಜೆವರೆಗೆ ಕಾಯುವುದಿಲ್ಲ. ಗುಂಪು ಕಂಡ ಶೆಡ್‌ನಲ್ಲಿ ಒಬ್ಬರೇ ಕೆಲಸ ಮಾಡಲಿ, ಅವರು ಇನ್ನೊಂದು ಶೆಡ್‌ಗೆ ಕಾಲಿಡಬಾರದು. ಜವಾರಿ ಕೋಳಿ, ಹಂದಿ ಇರುವ ಮನೆಯವರು ಸ್ನಾನ ಮಾಡಿ ಬಟ್ಟೆ ಬದಲಿಸಿ ಹೋಗಲಿ, ಬಟ್ಟೆ ಫಾರ್ಮ್‌ನಲ್ಲೇ ಸಾಬೂನು ನೀರಿನಲ್ಲಿ ನೆನೆಯಲಿ. ಹೊಸದಾಗಿ ಸತ್ತ 5 ಕೋಳಿಯನ್ನು ಕೈಗವಸು, ಮಾಸ್ಕ್, ಕನ್ನಡಕ ಹಾಕಿಕೊಂಡು ಎರಡು ಚೀಲದಲ್ಲಿ ಕಟ್ಟಿ, ಐಸ್ ಪ್ಯಾಕ್ ಇರುವ ಪೆಟ್ಟಿಗೆಯಲ್ಲಿ ವೈದ್ಯರಿಗಾಗಿ ಇಡಿರಿ. ಉಳಿದ ಸತ್ತ ಕೋಳಿ ಮುಚ್ಚಳವಿರುವ ಡ್ರಮ್‌ನಲ್ಲಿ ಇರಲಿ, ನಾಯಿ ಕಾಗೆ ಮುಟ್ಟದಂತೆ. ಹೂಳುವುದು ವೈದ್ಯರು ಬಂದು ನೋಡಿದ ಮೇಲೆ.

ಫಾರ್ಮ್‌ಗೆ ಹತ್ತಿರದ ಪಶು ಆಸ್ಪತ್ರೆ ವೈದ್ಯರ ಮೊಬೈಲ್ ನಂಬರ್, 1962, ಪ್ರಾಥಮಿಕ ಆರೋಗ್ಯ ಕೇಂದ್ರದ ನಂಬರ್, ಈ ಮೂರನ್ನೂ ಇವತ್ತೇ ಆ ನಕ್ಷೆಯ ಮೇಲ್ತುದಿಯಲ್ಲಿ ಬರೆದುಬಿಡಿರಿ.